ಪೇಜ್‌ಮೇಕರ್‌ನಿಂದ ಇನ್‌ಡಿಸೈನ್‌ಗೆ: ನಮ್ಮ ಪತ್ರಿಕೆಯ ಮಾಸ್ಟರ್ ಪೇಜ್ ಹೊಸದಾಗಿ ಕಟ್ಟಿದ ಕಥೆ

ಜಿಲ್ಲಾ ಪತ್ರಿಕೆಗಳಲ್ಲಿ ಪುಟ ಕಟ್ಟುವ ಗೆಳೆಯರಿಗೆ ಉಪಯೋಗವಾಗಲಿ ಎಂದು ಇದನ್ನು ಬರೆದಿಡುತ್ತಿದ್ದೇನೆ. ದೊಡ್ಡ ಪತ್ರಿಕೆಗಳಲ್ಲಿ ಇದಕ್ಕೆಲ್ಲ ಬೇರೆ ವಿಭಾಗವೇ ಇರುತ್ತದೆ, ಅಲ್ಲಿಯವರಿಗೆ ನಮ್ಮ ಪಾಡು ನಗು ತರಿಸೀತು. ನಮ್ಮದು ನಾಲ್ಕು ಪುಟದ ದಿನಪತ್ರಿಕೆ. ಒಂದು ಮತ್ತು ನಾಲ್ಕನೇ ಪುಟ ಬಣ್ಣ, ಒಳಗಿನ ಎರಡು ಕಪ್ಪು-ಬಿಳುಪು. ಪುಟ ಕಟ್ಟಲು ನಾನು, ಮತ್ತು ಹಳೆಯ ಪುಟವಿನ್ಯಾಸ ತಂತ್ರಾಂಶವಾದ ಪೇಜ್‌ಮೇಕರ್‌ನ ಕಾಲದಿಂದಲೂ ಇರುವ ಹಿರಿಯ ಸಹೋದ್ಯೋಗಿಯೊಬ್ಬರು. ಅಷ್ಟೇ ಬಳಗ.

ನಮ್ಮಲ್ಲಿ ಟೆಂಪ್ಲೇಟ್ ಅಂದರೆ ನಿನ್ನೆಯ ಫೈಲು. ಸಂಜೆ ಬಂದು ನಿನ್ನೆಯ ಪುಟ ತೆರೆಯುವುದು, ‘ಸೇವ್ ಆಸ್’ ಕೊಟ್ಟು ಇವತ್ತಿನ ತಾರೀಕು ಹಾಕುವುದು, ಹಳೆ ಸುದ್ದಿ ಅಳಿಸಿ ಹೊಸದು ಸುರಿಯುವುದು. ವರ್ಷಗಟ್ಟಲೆ ಹೀಗೇ ನಡೆದಿತ್ತು. ಮೊದಲ ಸಲ ಹಳೆ ಫೈಲಿನ ಮಾಸ್ಟರ್ ಪೇಜ್ (ಅದರ ಮೇಲಿಟ್ಟದ್ದು ಎಲ್ಲ ಪುಟಗಳಲ್ಲೂ ತಾನಾಗಿ ಮೂಡುವ ಮೂಲಪುಟ) ತೆರೆದು ನೋಡಿದರೆ ಅಲ್ಲಿ ಕಾಲಂ ಗೈಡುಗಳನ್ನು ಬಿಟ್ಟು ಏನೂ ಇರಲಿಲ್ಲ. ಪುಟಸಂಖ್ಯೆ, ದಿನಾಂಕ, ಪತ್ರಿಕೆಯ ಹೆಸರು ಎಲ್ಲವನ್ನೂ ಯಾರೋ ಯಾವಾಗಲೋ ನೇರ ಪುಟದ ಮೇಲೇ ಅಂಟಿಸಿದ್ದರು. ಅದು ದಿನದಿಂದ ದಿನಕ್ಕೆ ನಕಲಾಗುತ್ತ ಬಂದಿತ್ತು. ಅಡಿಗೆರೆ ಒಂದು ಪುಟದಲ್ಲಿ ಒಂದು ಮಿಲಿಮೀಟರ್ ಮೇಲೆ, ಇನ್ನೊಂದರಲ್ಲಿ ಕೆಳಗೆ. ಬೇಸಗೆಯಲ್ಲಿ ಒಂದು ದಿನ ಮೂರನೇ ಪುಟದ ನೆತ್ತಿಯಲ್ಲಿ ಹಿಂದಿನ ದಿನದ ತಾರೀಕೇ ಉಳಿದು ಅಚ್ಚಾಯಿತು. ಅದೇ ಪುಟದಲ್ಲಿ ಕೋರ್ಟ್ ನೋಟಿಸ್ ಇತ್ತು. ವಕೀಲರು ಪ್ರತಿ ಹಿಡಿದುಕೊಂಡು ಕಚೇರಿಗೆ ಬಂದರು, ಮರುದಿನ ಬಿಟ್ಟಿಯಾಗಿ ಮತ್ತೆ ಹಾಕಬೇಕಾಯಿತು.

ಆದರೂ ಬದಲಾವಣೆಗೆ ಕಾರಣ ಆ ನೋಟಿಸ್ ಅಲ್ಲ, ಪ್ರೆಸ್. ಅಲ್ಲಿಯವರೆಗೆ ಎ3 ಟ್ರೇಸಿಂಗ್ ಹಾಳೆಯಲ್ಲಿ ಲೇಸರ್ ಪ್ರಿಂಟ್ ತೆಗೆದು ಜೋಡಿಸಿ ಕೊಡುತ್ತಿದ್ದೆವು. ಇನ್ನು ಮುಂದೆ ಪಿಡಿಎಫ್ ಮಾತ್ರ, ನೇರ ಪ್ಲೇಟ್‌ಗೆ ಹೋಗುತ್ತದೆ ಎಂದು ಒಂದು ದಿನ ಫೋನ್ ಬಂತು. ಜತೆಗೆ ಪೇಜ್‌ಮೇಕರ್ ಓಡುತ್ತಿದ್ದ ಹಳೆಯ ಕಂಪ್ಯೂಟರ್ ಆಗಾಗ ಮುಷ್ಕರ ಹೂಡುತ್ತಿತ್ತು. ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ, ಅಡೋಬಿ ಅದರ ಅಭಿವೃದ್ಧಿ ನಿಲ್ಲಿಸಿದ್ದು 2004ರಲ್ಲಿ. ಇಷ್ಟು ದಿನ ದುಡಿದದ್ದೇ ದೊಡ್ಡದು.

ಮಾಲೀಕರ ಮೊದಲ ಪ್ರಶ್ನೆ: “ಪುಕ್ಕಟೆ ಯಾವುದೂ ಇಲ್ವಾ?” ಇದೆ. ಸ್ಕ್ರೈಬಸ್. 2024ರ ಆರಂಭದಲ್ಲಿ ಬಂದ 1.6 ಆವೃತ್ತಿಯಲ್ಲಿ ಕನ್ನಡದ ಒತ್ತಕ್ಷರಗಳು ಸರಿಯಾಗಿ ಕೂರುತ್ತವೆ, ಪ್ರಿಂಟಿಗೆ ಬೇಕಾದ ಪಿಡಿಎಫ್ ಬರುತ್ತದೆ. ವಾರಪತ್ರಿಕೆ, ಮಾಸಪತ್ರಿಕೆ ಮಾಡುವವರು ಹಣ ಖರ್ಚು ಮಾಡುವ ಮೊದಲು ಅದನ್ನು ನೋಡಿ. ಅಲ್ಲಿ ಮಾಸ್ಟರ್ ಪೇಜಿನ ವಸ್ತುವನ್ನು ಪುಟದ ಮೇಲೆ ನಿಂತು ತಿದ್ದಲು ಬರುವುದಿಲ್ಲ. ಅದನ್ನು ಕೊರತೆ ಎಂದವರೇ ಹೆಚ್ಚು, ಈಗ ನನಗೆ ಅದೊಂದು ವರವೇ ಅನಿಸುತ್ತದೆ. ಆದರೆ ರಾತ್ರಿ ಹತ್ತು ಗಂಟೆಗೆ ಏನಾದರೂ ಕೈಕೊಟ್ಟರೆ ಊರಲ್ಲಿ ಫೋನ್ ಮಾಡಿ ಕೇಳಲು ಒಬ್ಬರಾದರೂ ಬೇಕಲ್ಲ. ನಮ್ಮ ಊರಿನ ಡಿಟಿಪಿಯವರಿಗೆ (ಕಂಪ್ಯೂಟರಿನಲ್ಲಿ ಪುಟ ಕಟ್ಟಿಕೊಡುವವರಿಗೆ) ಗೊತ್ತಿರುವುದು ಅಡೋಬಿಯದೇ ಇನ್‌ಡಿಸೈನ್. ತಿಂಗಳ ಬಾಡಿಗೆಯ ಲೆಕ್ಕ ಕೇಳಿ ಮಾಲೀಕರು ಕೆಲವು ದಿನ ಸುಮ್ಮನಿದ್ದರು. ಟ್ರೇಸಿಂಗ್ ಹಾಳೆ, ಟೋನರ್, ಪ್ರೆಸ್‌ಗೆ ಹಾಳೆ ಒಯ್ಯುವ ಹುಡುಗನ ಪೆಟ್ರೋಲು ಎಲ್ಲ ಒಂದು ಚೀಟಿಯಲ್ಲಿ ಬರೆದು ತೋರಿಸಿದ ಮೇಲೆ ಒಪ್ಪಿದರು. ಇದನ್ನು ನೀವೂ ಮಾಡಿ, ಬಾಯಲ್ಲಿ ಹೇಳಿದರೆ ನಡೆಯುವುದಿಲ್ಲ.

ಹಳೆ ಪೇಜ್‌ಮೇಕರ್ ಫೈಲು ತೆರೆಯುವುದು ಮೊದಲ ತಡೆ. ಈಗಿನ ಇನ್‌ಡಿಸೈನ್ ಅದನ್ನು ತೆರೆಯುವುದೇ ಇಲ್ಲ. ಸಿಎಸ್6ವರೆಗಿನ ಆವೃತ್ತಿಗಳು ಮಾತ್ರ ಪೇಜ್‌ಮೇಕರ್ 6 ಮತ್ತು ನಂತರದ ಫೈಲುಗಳನ್ನು ಓದುತ್ತವೆ. ಪರಿಚಯದವರೊಬ್ಬರ ಹಳೆ ಕಂಪ್ಯೂಟರಿನಲ್ಲಿ ಸಿಎಸ್6 ಸಿಕ್ಕಿತು. ತೆರೆದರೆ ಎಲ್ಲ ಬಂತು, ಆದರೆ ಪ್ರತಿ ತಲೆಬರಹವೂ ತನ್ನ ಜಾಗದಿಂದ ಜಾರಿ ಕೂತಿತ್ತು. ಕಾರಣ ಲೀಡಿಂಗ್. ಪೇಜ್‌ಮೇಕರ್ ಸಾಲಿನ ಅಂತರವನ್ನು ಮೂರು ಬಗೆಯಲ್ಲಿ ಅಳೆಯುತ್ತದೆ, ಇನ್‌ಡಿಸೈನ್ ಬೇಸ್‌ಲೈನ್ (ಅಕ್ಷರಗಳು ಕೂರುವ ಗೆರೆ) ಒಂದರಿಂದಲೇ ಅಳೆಯುತ್ತದೆ. ಅದನ್ನೆಲ್ಲ ಎಳೆದು ಸರಿಪಡಿಸುವುದೆಂದರೆ ಬಿದ್ದ ಗೋಡೆಗೆ ಸುಣ್ಣ ಬಳಿದ ಹಾಗೆ. ಪರಿವರ್ತಿತ ಫೈಲನ್ನು ಅಳತೆ ನೋಡಲು ಮಾತ್ರ ಇಟ್ಟುಕೊಂಡು ಖಾಲಿ ಪುಟದಿಂದ ಕಟ್ಟಲು ಕೂತೆ.

ಅಳತೆ ಎಲ್ಲಿಂದ ತರುವುದು? ಪ್ರೆಸ್‌ನಿಂದಲೇ ಬರಬೇಕು. ಇಲ್ಲಿ ಕಾಯುವುದು ತುಂಬಾ ಆಯಿತು. ಫೋನ್ ಮಾಡಿದರೆ “ಹಳೇ ಸೈಜೇ ಕಳ್ಸಿ ಸಾರ್” ಅನ್ನುತ್ತಿದ್ದರು. ಹಳೇ ಸೈಜು ಯಾರಿಗೂ ಗೊತ್ತಿಲ್ಲ ಅನ್ನುವುದೇ ತಾನೇ ತೊಂದರೆ. ಕೊನೆಗೆ ಒಂದು ಮಧ್ಯಾಹ್ನ ಅಲ್ಲಿಗೇ ಹೋಗಿ, ಯಂತ್ರ ನಡೆಸುವವರ ಪಕ್ಕ ನಿಂತು, ಅಚ್ಚಾದ ಹಾಳೆಗೆ ಸ್ಕೇಲು ಹಿಡಿದು ಬರೆದುಕೊಂಡೆ. ಮ್ಯಾನೇಜರಿಗಿಂತ ಯಂತ್ರದ ಬಳಿ ಇರುವವರನ್ನು ಕೇಳಿ. ಕೇಳಬೇಕಾದ್ದು ಇಷ್ಟು: ಅಚ್ಚಿನ ಕ್ಷೇತ್ರದ ಅಗಲ-ಎತ್ತರ, ನಾಲ್ಕು ಕಡೆಯ ಅಂಚು, ಎರಡು ಪುಟಗಳ ನಡುವಿನ ಮಡಿಕೆಯ ಜಾಗ, ಪಿಡಿಎಫ್ ಪುಟ ಪುಟವಾಗಿ ಬೇಕೋ ಜೋಡಿಯಾಗಿ ಬೇಕೋ, ಯಾವ ಪಿಡಿಎಫ್ ಗುಣಮಟ್ಟ, ಶಾಯಿಯ ಮಿತಿ ಎಷ್ಟು. ಬರೆದುಕೊಂಡದ್ದನ್ನು ವಾಟ್ಸ್‌ಆ್ಯಪ್‌ನಲ್ಲಿ ಅವರಿಗೇ ಕಳಿಸಿ “ಸರಿ” ಎನ್ನಿಸಿಕೊಳ್ಳಿ. ಮುಂದೆ ವಾದ ಬಂದಾಗ ಬೇಕಾಗುತ್ತದೆ.

ನಮಗೆ ಸಿಕ್ಕ ಅಚ್ಚಿನ ಕ್ಷೇತ್ರ 33 ಸೆಂ.ಮೀ. ಅಗಲ, 52 ಸೆಂ.ಮೀ. ಎತ್ತರ. ಎಂಟು ಕಾಲಂ, ನಡುವೆ 4 ಮಿ.ಮೀ. ಗಟರ್. ಲೆಕ್ಕ ಹಾಕಿದರೆ ಒಂದು ಕಾಲಂ 37.75 ಮಿ.ಮೀ. ಆಗುತ್ತದೆ, ಡಬಲ್ ಕಾಲಂ 79.5. ಜಾಹೀರಾತಿನವರು ಕಳಿಸುವುದು ಸರಿಯಾಗಿ 8 ಸೆಂ.ಮೀ. ಅಗಲದ ಡಿಸೈನು! ಆ ಅರ್ಧ ಮಿಲಿಮೀಟರ್ ಮೇಲೆ ಎಷ್ಟು ಚರ್ಚೆಯಾಯಿತೋ. ಚದರ ಸೆಂಟಿಮೀಟರ್ ಲೆಕ್ಕದಲ್ಲಿ ಬಿಲ್ ಆಗುವುದರಿಂದ ಜಾಹೀರಾತು ವಿಭಾಗಕ್ಕೆ ಇದು ಸಣ್ಣ ವಿಷಯವಲ್ಲ. ಕಡೆಗೆ ಒಂದರಿಂದ ಎಂಟು ಕಾಲಂವರೆಗಿನ ನಿಜವಾದ ಅಗಲಗಳನ್ನು ಒಂದು ಹಾಳೆಯಲ್ಲಿ ಅಚ್ಚು ಹಾಕಿ ಎಲ್ಲ ಏಜೆಂಟರಿಗೂ ಹಂಚಿದೆವು. ಟೆಂಪ್ಲೇಟ್ ಮುಗಿದ ಮೇಲೆ ಹಂಚುವ ಬದಲು ಮೊದಲೇ ಹಂಚಿ.

ಕಾಲಂಗಿಂತ ಹೆಚ್ಚು ಕಾಡಿದ್ದು ಸಾಲು. ಎಂಟೂ ಕಾಲಂಗಳ ಸಾಲುಗಳು ಅಕ್ಕಪಕ್ಕ ಒಂದೇ ಮಟ್ಟದಲ್ಲಿ ಇರಬೇಕಾದರೆ ಬೇಸ್‌ಲೈನ್ ಗ್ರಿಡ್, ಅಂದರೆ ಸಮ ಅಂತರದ ಅಡ್ಡಗೆರೆಗಳ ಜಾಲ ಬೇಕು. 12 ಪಾಯಿಂಟಿನ (ಪಾಯಿಂಟ್ ಅಂದರೆ ಇಂಚಿನ 72ನೇ ಒಂದು ಭಾಗ) ಗ್ರಿಡ್ ಹಾಕಿ ನೋಡಿದೆ. ‘ರಾಷ್ಟ್ರೀಯ’, ‘ಸ್ತ್ರೀಶಕ್ತಿ’, ‘ಶಾಸ್ತ್ರಜ್ಞ’ ಇಂಥ ಪದ ಬಂದಲ್ಲೆಲ್ಲ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತಿತ್ತು. ಇಂಗ್ಲಿಷ್ ಪತ್ರಿಕೆಯ ಟೆಂಪ್ಲೇಟ್ ತಂದು ಕನ್ನಡ ಸುರಿದರೆ ಕೆಡುವುದೇ ಇಲ್ಲಿ. ಅವರಿಗೆ ಅಕ್ಷರದ ಕೆಳಗೆ ಬಾಲವಷ್ಟೇ, ನಮಗೆ ಕೆಳಗೆ ಇನ್ನೊಂದು ಅಕ್ಷರವೇ ಇರುತ್ತದೆ, ಕೆಲವೊಮ್ಮೆ ಎರಡು. 13 ಪಾಯಿಂಟಿಗೆ ಏರಿಸಿದ ಮೇಲೆ ಉಸಿರಾಡಿತು. 52 ಸೆಂ.ಮೀ. ಎತ್ತರದಲ್ಲಿ 113 ಸಾಲು ಕೂತು 5 ಪಾಯಿಂಟ್ ಉಳಿಯುತ್ತದೆ, ಅದನ್ನು ನೆತ್ತಿಯ ಗೆರೆಯ ಕೆಳಗೆ ಬಿಟ್ಟೆ. ಕಾಲಮ್ಮಿಗೆ ಒಂಬತ್ತು ಸಾಲು ಕಮ್ಮಿಯಾಯಿತು ಎಂದು ವರದಿಗಾರರು ಗೊಣಗಿದರು. ಓದುಗರು ಯಾರೂ ಗೊಣಗಲಿಲ್ಲ.

ಇದಕ್ಕೆ ಅಂಟಿಕೊಂಡ ಇನ್ನೊಂದು ಸಂಗತಿ. ಯೂನಿಕೋಡ್ ಕನ್ನಡ ಫಾಂಟುಗಳ ನೆತ್ತಿ ಎತ್ತರ. ಚೌಕಟ್ಟಿನಲ್ಲಿ ಮೊದಲ ಸಾಲು ಎಲ್ಲಿ ಶುರುವಾಗಬೇಕು ಅನ್ನುವ ಆಯ್ಕೆ ಇನ್‌ಡಿಸೈನ್‌ನಲ್ಲಿ ತಾನಾಗಿ ‘ಅಸೆಂಟ್’ ಎಂದಿರುತ್ತದೆ. ಹಾಗೇ ಬಿಟ್ಟರೆ ತಲೆಬರಹದ ಮೇಲೆ ಕಾರಣವಿಲ್ಲದ ಬಿಳಿ ಜಾಗ ನಿಲ್ಲುತ್ತದೆ, ಫಾಂಟ್ ಬದಲಿಸಿದರೆ ಇನ್ನೊಂದಷ್ಟು ಜಾರುತ್ತದೆ. ಟೆಕ್ಸ್ಟ್ ಫ್ರೇಮ್ ಆಯ್ಕೆಗಳಲ್ಲಿ ಅದನ್ನು ‘ಲೀಡಿಂಗ್’ ಮಾಡಿ, ಆಬ್ಜೆಕ್ಟ್ ಸ್ಟೈಲಿನಲ್ಲೇ (ಚೌಕಟ್ಟಿನ ಸಿದ್ಧ ಹೊಂದಿಕೆಯಲ್ಲೇ) ಉಳಿಸಿಬಿಡಿ.

ಒತ್ತಕ್ಷರ ಒಡೆದು, ಅರ್ಕಾವತ್ತು ಎಲ್ಲೋ ಹೋಗಿ ಕಾಣುತ್ತಿದ್ದರೆ ಗಾಬರಿ ಬೇಡ. ಪ್ಯಾರಾಗ್ರಾಫ್ ಸ್ಟೈಲಿನ ಜಸ್ಟಿಫಿಕೇಷನ್ ಭಾಗದಲ್ಲಿ ಕಂಪೋಸರ್ (ಅಕ್ಷರ, ಸಾಲು ಜೋಡಿಸುವ ವಿಧಾನ) ‘ವರ್ಲ್ಡ್-ರೆಡಿ’ ಆಗಿರಬೇಕು. ಇದನ್ನು ಮೂಲ ಸ್ಟೈಲೊಂದರಲ್ಲಿ ಇಟ್ಟು ಉಳಿದ ಸ್ಟೈಲುಗಳನ್ನು ಅದರ ಮೇಲೆ ನಿಲ್ಲಿಸಿದರೆ ಒಂದೇ ಸಲಕ್ಕೆ ಮುಗಿಯುತ್ತದೆ. ತಾಲ್ಲೂಕು ವರದಿಗಾರರಲ್ಲಿ ಇಬ್ಬರು ಇನ್ನೂ ಯೂನಿಕೋಡ್ ಅಲ್ಲದ ಹಳೆ ನುಡಿ ಫಾಂಟಿನಲ್ಲೇ ಕಳಿಸುತ್ತಾರೆ. ಅದನ್ನು ಯೂನಿಕೋಡ್‌ಗೆ ಪರಿವರ್ತಿಸಿಯೇ ತರಬೇಕು. ಅನಿವಾರ್ಯವಾಗಿ ಹಾಗೇ ಬಳಸುವುದಾದರೆ ಭಾಷೆಯನ್ನು ‘ನೋ ಲ್ಯಾಂಗ್ವೇಜ್’ ಮಾಡಿ. ಇಲ್ಲದಿದ್ದರೆ ತಂತ್ರಾಂಶ ಅದನ್ನು ಇಂಗ್ಲಿಷ್ ಎಂದುಕೊಂಡು ಪದಗಳನ್ನು ಮನಬಂದಲ್ಲಿ ಮುರಿದು ಹೈಫನ್ ಹಾಕುತ್ತದೆ.

ಇನ್ನು ಮಾಸ್ಟರ್ ಪೇಜು. 2022ರ ಆವೃತ್ತಿಯ ಹೊತ್ತಿಗೆ ಇನ್‌ಡಿಸೈನ್‌ನಲ್ಲಿ ಇದು ‘ಪೇರೆಂಟ್ ಪೇಜ್’ ಆಗಿದೆ. ಹಳೆ ವೀಡಿಯೊ ನೋಡಿ ಮೆನು ಹುಡುಕುವವರು ಗೊಂದಲಪಡಬೇಡಿ, ವಸ್ತು ಅದೇ.

ಏನೇನು ಅದರ ಮೇಲಿರಬೇಕು ಎಂದು ಸಂಪಾದಕರನ್ನು ಕೇಳಿದರೆ ಎಲ್ಲವೂ ಇರಲಿ ಅನ್ನುತ್ತಾರೆ: ಲೀಡ್ ಸುದ್ದಿಯ ಚೌಕಟ್ಟು, ಚುಟುಕು ಪಟ್ಟಿ, ಇಯರ್ ಪ್ಯಾನೆಲ್ (ಪತ್ರಿಕೆಯ ಹೆಸರಿನ ಪಕ್ಕದ ಚೌಕ) ಜಾಹೀರಾತು, ರಾಶಿಫಲ. ನಾನು ಇದಕ್ಕೆ ಒಪ್ಪಲಿಲ್ಲ. ದಿನವೂ ಕೈ ಹಾಕಬೇಕಾದ ಯಾವ ಚೌಕಟ್ಟೂ ಮಾಸ್ಟರ್ ಮೇಲೆ ಇರಕೂಡದು. ಕಾಲಂ ಗೈಡು, ಗ್ರಿಡ್, ನೆತ್ತಿಯ ಗೆರೆ, ಹೆಸರು, ಪುಟಸಂಖ್ಯೆ, ದಿನಾಂಕ ಇಷ್ಟೇ ಅಲ್ಲಿರಲಿ. ಲೀಡ್ ಚೌಕಟ್ಟು, ಚುಟುಕು ಪಟ್ಟಿ ಎಲ್ಲ ಲೈಬ್ರರಿ ಫೈಲಿನಲ್ಲಿ, ಬೇಕಾದಾಗ ಎಳೆದು ಹಾಕಿಕೊಳ್ಳಲು. ಮೂಲ ಮಾಸ್ಟರ್ ಒಂದು ಮಾಡಿ, ಅದನ್ನು ಆಧರಿಸಿ ಮುಖಪುಟದ್ದು, ಒಳಪುಟದ್ದು, ಕೊನೆಪುಟದ್ದು ಎಂದು ಮೂರು ಮಾಡಿದೆ. ಮೂಲದಲ್ಲಿ ಗೆರೆಯ ದಪ್ಪ ಬದಲಿಸಿದರೆ ಮೂರರಲ್ಲೂ ಬದಲಾಗುತ್ತದೆ.

ಮುಖಪುಟಕ್ಕೆ ಬಂದಾಗ ಮಾಸ್ಟ್‌ಹೆಡ್‌ನ (ಪತ್ರಿಕೆಯ ಹೆಸರಿನ ವಿನ್ಯಾಸದ) ಮೂಲವೇ ಇಲ್ಲ ಎಂದು ಗೊತ್ತಾಯಿತು. ಇದ್ದದ್ದು ಸ್ಕ್ಯಾನ್ ಮಾಡಿದ ಮಸುಕು ಚಿತ್ರ. ಪತ್ರಿಕೆ ಶುರುವಾದಾಗ ಆಹ್ವಾನ ಪತ್ರಿಕೆ ಅಚ್ಚು ಹಾಕಿದ್ದ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿಯಲ್ಲಿ ಕೋರೆಲ್‌ಡ್ರಾ ಫೈಲು ಉಳಿದಿತ್ತು. ಅಂಗಡಿಯವರು ಹಳೆ ಸಿಡಿಗಳ ರಾಶಿಯಲ್ಲಿ ಹುಡುಕಿಕೊಟ್ಟರು, ದುಡ್ಡು ಮುಟ್ಟಲಿಲ್ಲ.

ದಿನಾಂಕಕ್ಕೆ ‘ಟೆಕ್ಸ್ಟ್ ವೇರಿಯಬಲ್’ ಬಳಸಿದೆ. ಕಸ್ಟಮ್ ಟೆಕ್ಸ್ಟ್ ಎಂಬ ಬಗೆಯದ್ದು ಮಾಡಿ ಅದರಲ್ಲಿ ವಾರ, ತಾರೀಕು ಬರೆದರೆ, ಅದನ್ನು ಇಟ್ಟಲ್ಲೆಲ್ಲ ಒಮ್ಮೆಗೇ ಬದಲಾಗುತ್ತದೆ. ಇದರಲ್ಲಿ ಎರಡು ತೊಡಕು. ಒಂದು, ನಾವು ಬಳಸಿದ ಆವೃತ್ತಿಯಲ್ಲಿ ವೇರಿಯಬಲ್ ಎಷ್ಟೇ ಉದ್ದವಿದ್ದರೂ ತಂತ್ರಾಂಶ ಅದನ್ನು ಒಂದೇ ಅಕ್ಷರದಂತೆ ಕಾಣುತ್ತಿತ್ತು. ಸಾಲು ಮುರಿಯದೆ, ಜಾಗ ಸಾಲದಿದ್ದರೆ ಹಿಂಡಿ ಕೂರಿಸುತ್ತಿತ್ತು. ಆದ್ದರಿಂದ ವಾರ-ತಾರೀಕು ಒಂದು, ಸಂಪುಟ-ಸಂಚಿಕೆ ಇನ್ನೊಂದು ಎಂದು ಬೇರೆ ಮಾಡಿ. ಎರಡು, ನಾವಿಬ್ಬರೂ ಒಟ್ಟಿಗೆ ಕೆಲಸ ಮಾಡಬೇಕಾದ್ದರಿಂದ ನಾಲ್ಕು ಪುಟಕ್ಕೆ ನಾಲ್ಕು ಫೈಲು. ವೇರಿಯಬಲ್ ಆಯಾ ಫೈಲಿಗೆ ಸೇರಿದ್ದು. ಅಂದರೆ ಮತ್ತೆ ನಾಲ್ಕು ಕಡೆ ತಾರೀಕು! ದಾರಿ ಸಿಕ್ಕಿದ್ದು ‘ಬುಕ್’ ಎಂಬ ಸೌಲಭ್ಯದಲ್ಲಿ. ನಾಲ್ಕನ್ನೂ ಒಂದು ಬುಕ್ಕಿಗೆ ಸೇರಿಸಿ, ಮುಖಪುಟವನ್ನು ಮೂಲವೆಂದು ಗುರುತಿಸಿ, ಅಲ್ಲಿ ತಾರೀಕು ತಿದ್ದಿ ‘ಸಿಂಕ್ರೊನೈಸ್’ ಕೊಟ್ಟರೆ ನಾಲ್ಕಕ್ಕೂ ಹೋಗುತ್ತದೆ. ಇದನ್ನು ಸಂಜೆ ಯಾರೂ ಫೈಲು ತೆರೆಯುವ ಮೊದಲೇ ಮುಗಿಸಿ. ಮತ್ತು ಸಿಂಕ್ರೊನೈಸ್ ಆಯ್ಕೆಗಳಲ್ಲಿ ದಿನನಿತ್ಯ ಟೆಕ್ಸ್ಟ್ ವೇರಿಯಬಲ್‌ಗೆ ಮಾತ್ರ ಟಿಕ್ ಇರಲಿ, ಮಾಸ್ಟರ್ ಪೇಜಿನ ಟಿಕ್ ತೆಗೆಯಿರಿ. ಮಾಸ್ಟರ್‌ಗಳನ್ನು ಎರಡನೇ ಸಲ ಸಿಂಕ್ ಮಾಡಿದರೆ, ಪುಟದ ಮೇಲೆ ತಿದ್ದಿದ ಮಾಸ್ಟರ್ ವಸ್ತುಗಳ ಕೊಂಡಿ ಕಳಚಿಹೋಗುತ್ತದೆ.

ಪುಟಸಂಖ್ಯೆ ಕನ್ನಡ ಅಂಕಿಯಲ್ಲೇ ಇರಬೇಕೆಂದು ಸಂಪಾದಕರ ಹಟ. ಹಳೆ ಫೈಲಿನಲ್ಲಿ ಅದು ತಾನಾಗಿ ಬರುತ್ತಿತ್ತು, ಯಾಕೆಂದರೆ ಹೆಸರಿನ ಕೊನೆಗೆ ‘ಕೆ’ ಇರುವ ನುಡಿ ಫಾಂಟುಗಳಲ್ಲಿ 1 ಒತ್ತಿದರೆ ೧ ಮೂಡುತ್ತದೆ. ಯೂನಿಕೋಡ್‌ನಲ್ಲಿ ಎರಡೂ ಬೇರೆ ಬೇರೆ ಅಕ್ಷರ, ತಂತ್ರಾಂಶದ ಸ್ವಯಂ ಪುಟಸಂಖ್ಯೆ 1, 2 ಎಂದೇ ಬರುತ್ತದೆ. ತಲೆ ಕೆಡಿಸಿಕೊಂಡು ಕೊನೆಗೆ ಸುಲಭದ ಉಪಾಯ ಮಾಡಿದೆ: ಆ ಪುಟಸಂಖ್ಯೆಯ ಗುರುತಿಗೆ ಮಾತ್ರ ಒಂದು ಕ್ಯಾರೆಕ್ಟರ್ ಸ್ಟೈಲ್, ಅದರಲ್ಲಿ ಹಳೆಯ ‘ಕೆ’ ಫಾಂಟ್. ಇಡೀ ಪತ್ರಿಕೆಯಲ್ಲಿ ಆ ಫಾಂಟು ಈಗ ಉಳಿದಿರುವುದು ಅಲ್ಲೊಂದೇ ಕಡೆ.

ಕೊನೆಪುಟದ ತಳದ ಮುದ್ರಕ-ಪ್ರಕಾಶಕರ ಸಾಲು ಮಾಸ್ಟರ್ ಮೇಲೆ ಹೋಗಲೇಬೇಕಾದ್ದು. ಅದನ್ನು ಹಳೆಯದರಿಂದ ನಕಲು ಮಾಡಿ ಸುಮ್ಮನಾಗಬೇಡಿ, ಅಕ್ಷರ ಅಕ್ಷರ ಓದಿಸಿ. ಪತ್ರಿಕೆಗಳ 1867ರ ಕಾಯ್ದೆಯ ಜಾಗಕ್ಕೆ ಬಂದ ಹೊಸ ನೋಂದಣಿ ಕಾಯ್ದೆ 2024ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ವಿವರಗಳ ಬದಲಾವಣೆ ಈಗ ಪ್ರೆಸ್ ಸೇವಾ ಪೋರ್ಟಲ್ ಮೂಲಕ. ನಮ್ಮ ಸಾಲಿನಲ್ಲಿದ್ದ ಮುದ್ರಣಾಲಯದ ವಿಳಾಸ ಅವರ ಹಳೆ ಕಟ್ಟಡದ್ದು. ಮಾಲೀಕರು ದಾಖಲೆಗಳನ್ನು ನೋಡಿ, ಇದೇ ಒಕ್ಕಣೆ ಹಾಕು ಎಂದು ಸಹಿ ಮಾಡಿದ ಹಾಳೆ ಕೊಡುವವರೆಗೆ ಆ ಚೌಕಟ್ಟನ್ನು ಖಾಲಿ ಬಿಟ್ಟಿದ್ದೆ. ಇಲ್ಲೂ ಕಾಯಬೇಕಾಯಿತು.

ಟೆಂಪ್ಲೇಟ್ ಮುಗಿಯಿತು. ಆಮೇಲೆ ನಿಜವಾದ ತಾಪತ್ರಯ ಶುರುವಾಯಿತು. ಕಂಟ್ರೋಲ್ ಮತ್ತು ಶಿಫ್ಟ್ ಹಿಡಿದು ಮಾಸ್ಟರ್ ವಸ್ತುವಿನ ಮೇಲೆ ಕ್ಲಿಕ್ ಮಾಡಿದರೆ ಅದು ಆ ಪುಟದ ಸ್ವತ್ತಾಗುತ್ತದೆ, ಯಾರು ಬೇಕಾದರೂ ಎಳೆಯಬಹುದು. ತಿದ್ದಿದ ಅಂಶ ಆಮೇಲೆ ಮಾಸ್ಟರ್ ಹೇಳಿದ್ದನ್ನು ಕೇಳುವುದಿಲ್ಲ. ಪರೀಕ್ಷೆಯ ದಿನಗಳಲ್ಲೇ ಎರಡನೇ ಪುಟದ ನೆತ್ತಿಗೆರೆ ಎಲ್ಲಿಗೋ ಸರಿದಿತ್ತು, ಯಾಕೆಂದರೆ ಒಂದು ಜಾಹೀರಾತು ಎರಡು ಮಿಲಿಮೀಟರ್ ಉದ್ದವಿತ್ತು! ಹಿರಿಯರನ್ನು ಕೇಳಿದರೆ, “ಜಾಗ ಬೇಕಿತ್ತು, ಸರಿಸ್ದೆ” ಅಂದರು. ಅವರ ಮಾತೂ ಸರಿ. ಇಪ್ಪತ್ತು ವರ್ಷ ಅವರು ಪತ್ರಿಕೆಯನ್ನು ಹೊತ್ತಿಗೆ ಸರಿಯಾಗಿ ಹೊರಡಿಸಿದ್ದೇ ಹೀಗೆ ಸರಿಸಿ ಸರಿಸಿ.

ಪರಿಹಾರ ಮೆನುವಿನಲ್ಲೇ ಇದೆ, ಯಾರೂ ಹೇಳುವುದಿಲ್ಲ. ಮಾಸ್ಟರ್ ಪೇಜಿನಲ್ಲಿ ನಿಂತು ದಿನಾಂಕ, ಗೆರೆ, ಪುಟಸಂಖ್ಯೆ, ಮುದ್ರಕರ ಸಾಲು ಇವನ್ನು ಆಯ್ಕೆ ಮಾಡಿ, ಪೇಜಸ್ ಪ್ಯಾನೆಲಿನ ಮೆನುವಿನಲ್ಲಿ ಈ ವಸ್ತುಗಳನ್ನು ಓವರ್‌ರೈಡ್ ಮಾಡಲು (ಪುಟದ ಮೇಲೆ ತಿದ್ದಲು) ಬಿಡುವ ಆಯ್ಕೆಯ ಟಿಕ್ ತೆಗೆಯಿರಿ. ಆಮೇಲೆ ಯಾವ ಕೀಲಿ ಒತ್ತಿದರೂ ಪುಟದ ಮೇಲಿಂದ ಅವು ಅಲುಗುವುದಿಲ್ಲ. ಈಗಾಗಲೇ ಅಲುಗಿಸಿದ್ದಿದ್ದರೆ ಅದೇ ಮೆನುವಿನಲ್ಲಿ ಲೋಕಲ್ ಓವರ್‌ರೈಡ್ ತೆಗೆಯುವ ಸಾಲಿದೆ. ಇನ್ನೊಂದು ಬೀಗ: ಫೈಲನ್ನು ಸಾಮಾನ್ಯ ದಾಖಲೆಯಾಗಿ ಬಿಡದೆ ಟೆಂಪ್ಲೇಟ್ ಆಗಿಯೇ ಉಳಿಸಿ. ಅದನ್ನು ತೆರೆದರೆ ಹೆಸರಿಲ್ಲದ ಹೊಸ ಪ್ರತಿ ಬರುತ್ತದೆ, ಮೂಲದ ಮೇಲೆ ಸೇವ್ ಆಗುವುದಿಲ್ಲ. ನಮ್ಮಲ್ಲಿ ಬುಕ್ ಇರುವುದರಿಂದ ಖಾಲಿ ಫೈಲುಗಳ ಒಂದು ಫೋಲ್ಡರನ್ನೇ ದಿನವೂ ನಕಲು ಮಾಡಿ ತಾರೀಕಿನ ಹೆಸರು ಕೊಡುತ್ತೇವೆ. ನಿನ್ನೆಯ ಫೋಲ್ಡರು ಪುಟ ಪ್ರೆಸ್‌ಗೆ ಹೋದ ಕೂಡಲೇ ಬೇರೆ ಡ್ರೈವ್‌ಗೆ ಹೋಗುತ್ತದೆ. ಕಣ್ಣಿಗೆ ಬಿದ್ದರೆ ತಾನೇ ‘ಸೇವ್ ಆಸ್’ ಮಾಡುವುದು!

ಪರೀಕ್ಷಾ ಮುದ್ರಣಕ್ಕೆ ಪ್ರೆಸ್ ಒಪ್ಪಿಸುವುದು ಕಷ್ಟವಾಯಿತು. ಬಣ್ಣದ ಪುಟವೊಂದಕ್ಕೆ ನಾಲ್ಕು ಪ್ಲೇಟ್, ಅದರ ಖರ್ಚು ಯಾರದ್ದು ಎಂದು ಹಗ್ಗಜಗ್ಗಾಟ. ಒಳಪುಟವೊಂದನ್ನು ಮೊದಲು ಪ್ರಯತ್ನಿಸುವುದೆಂದು ತೀರ್ಮಾನವಾಯಿತು. ಅಚ್ಚಾಗಿ ಬಂದದ್ದು ನೋಡಿದರೆ ಕೆಲವು ಸುದ್ದಿಗಳ ಅಕ್ಷರ ಬೂದು ಬಣ್ಣ, ಅಂಚು ಚುಕ್ಕೆ ಚುಕ್ಕೆ. ವರ್ಡ್ ಫೈಲಿನಿಂದ ಬಂದ ಕಪ್ಪು ಆರ್‌ಜಿಬಿ ಕಪ್ಪು, ಅಂದರೆ ಕಂಪ್ಯೂಟರ್ ಪರದೆಯ ಬಣ್ಣಕ್ರಮದ್ದು. ಪಿಡಿಎಫ್ ಆಗುವಾಗ ಅದು ನಾಲ್ಕು ಶಾಯಿಗಳಿಗೆ ಹಂಚಿಹೋಗುತ್ತದೆ, ಒಳಪುಟಕ್ಕೆ ಮಾಡುವುದು ಕಪ್ಪು ಪ್ಲೇಟ್ ಒಂದೇ, ಹಾಗಾಗಿ ಕಪ್ಪು ಶಾಯಿಯ ಪಾಲು ಮಾತ್ರ ಅಚ್ಚಾಯಿತು. ಬಣ್ಣದ ಪುಟದಲ್ಲಾದರೆ ಇದೇ ತಪ್ಪು ಅಕ್ಷರದ ಸುತ್ತ ಕೆಂಪು-ನೀಲಿ ನೆರಳಾಗಿ ಕಾಣುತ್ತದೆ. ವರ್ಡ್‌ನಿಂದ ತರುವಾಗ ಫಾರ್ಮ್ಯಾಟ್ ಬಿಟ್ಟು ಅಕ್ಷರ ಮಾತ್ರ ತನ್ನಿ, ಸ್ವಾಚ್ (ಬಣ್ಣಗಳ) ಪಟ್ಟಿಯಲ್ಲಿ ವರ್ಡ್ ಹೆಸರಿನ ಬಣ್ಣ ಕಂಡರೆ ಅಳಿಸಿ ಅದರ ಬದಲು ‘ಬ್ಲ್ಯಾಕ್’ ಕೊಡಿ. ಪಿಡಿಎಫ್ ಮಾಡುವ ಮೊದಲು ಒಂದೊಂದು ಶಾಯಿಯನ್ನೂ ಬೇರೆಯಾಗಿ ತೋರಿಸುವ ಸೆಪರೇಷನ್ ಪ್ರಿವ್ಯೂ ತೆರೆದು ಕಪ್ಪನ್ನು ಮರೆಮಾಡಿ ನೋಡಿ: ಅಕ್ಷರಗಳೆಲ್ಲ ಮಾಯವಾಗಬೇಕು. ಏನಾದರೂ ಉಳಿದು ಕಂಡರೆ ಅದೇ ಕಳ್ಳ. ಅದೇ ಪ್ಯಾನೆಲಿನಲ್ಲಿ ಶಾಯಿಯ ಮಿತಿಯೂ ಕಾಣುತ್ತದೆ. ನ್ಯೂಸ್‌ಪ್ರಿಂಟ್‌ಗೆ ನಾಲ್ಕೂ ಶಾಯಿ ಸೇರಿ 240 ಪ್ರತಿಶತ ದಾಟಬಾರದು, ದಾಟಿದರೆ ಹಾಳೆಯ ಹಿಂಬದಿಗೆ ಇಳಿಯುತ್ತದೆ. ಅಚ್ಚಿಗೆಂದೇ ಇರುವ ಪಿಡಿಎಫ್ ಎಕ್ಸ್-1ಎ ಆಯ್ಕೆ ಮಾಡಿ ಪ್ರೀಸೆಟ್ ಆಗಿ ಉಳಿಸಿ ಇಬ್ಬರ ಕಂಪ್ಯೂಟರಿಗೂ ಹಾಕಿದೆ.

ಕೆಲವು ವಾರ ಹಳೆಯದೂ ಹೊಸದೂ ಎರಡೂ ನಡೆದವು. ಪತ್ರಿಕೆ ಪೇಜ್‌ಮೇಕರ್‌ನಲ್ಲಿ ಹೋದ ಮೇಲೆ ಅದೇ ಪುಟವನ್ನು ಹೊಸದರಲ್ಲಿ ಕಟ್ಟುತ್ತಿದ್ದೆ. ನಿದ್ದೆಗೆಟ್ಟು ಮನೆಯಲ್ಲಿ ಬೈಗುಳ ತಿಂದೆ. ಹಿರಿಯರು ಮೊದಮೊದಲು ದೂರದಿಂದ ನೋಡುತ್ತಿದ್ದರು. ಅವರ ಬೆರಳುಗಳಿಗೆ ಪೇಜ್‌ಮೇಕರ್ ಕೀಲಿಗಳೇ ರೂಢಿ. ಇನ್‌ಡಿಸೈನ್‌ನಲ್ಲಿ ಕೀಬೋರ್ಡ್ ಶಾರ್ಟ್‌ಕಟ್ ನಮಗೆ ಬೇಕಾದಂತೆ ಬದಲಿಸಿಕೊಳ್ಳಬಹುದು. ಅವರು ಹೆಚ್ಚು ಬಳಸುವವನ್ನು ಕೂತು ಹಾಗೇ ಹೊಂದಿಸಿಕೊಟ್ಟ ಸಂಜೆಯಿಂದ ಎರಡನೇ ಪುಟ ಅವರದಾಯಿತು. ಈಗ ಬೀಗ ಹಾಕಿದ ಗೆರೆಯನ್ನು ಸರಿಸಲಾಗದೆ ಜಾಹೀರಾತಿನವರಿಗೆ ಫೋನ್ ಮಾಡಿ “ಎರಡು ಮಿಲಿಮೀಟರ್ ಕಮ್ಮಿ ಮಾಡಿ ಕಳ್ಸಿ” ಎಂದು ಗದರುವವರೂ ಅವರೇ.

ಆರು ಪುಟದ ದಿನಗಳದ್ದು ಇನ್ನೂ ಆಗಿಲ್ಲ. ನಾಲ್ಕು ಪುಟದ ಹಾಳೆಯೊಳಗೆ ಎರಡು ಪುಟದ ಬಿಡಿ ಹಾಳೆ ಸೇರುತ್ತದೆ, ಆಗ 3 ಮತ್ತು 4ನೇ ಪುಟ ಒಂದೇ ಹಾಳೆಯ ಎರಡು ಮಗ್ಗುಲಾಗುತ್ತವೆ. ಆ ಹಾಳೆಯ ಯಾವ ಬದಿಯನ್ನು ಯಂತ್ರ ಹಿಡಿಯುತ್ತದೆ, ಅಂಚು ಎಷ್ಟು ಬಿಡಬೇಕು ಎಂದು ಪ್ರೆಸ್‌ನವರನ್ನು ಕೇಳಿದ್ದೇನೆ. ದಸರಾ ಪುರವಣಿಗೆ ಮೊದಲು ಹೇಳುತ್ತೇವೆ ಅಂದಿದ್ದಾರೆ. ಹೇಳದಿದ್ದರೆ ಮತ್ತೆ ಸ್ಕೇಲು ಹಿಡಿದುಕೊಂಡು ಹೋಗುವುದು.